ಹಳೇ ಎಡಿಷನ್ನಾ, ಹೊಸ ಎಡಿಷನ್ನಾ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇವೆ, ಹಾಗಾಗಿ ಬೇರೆ ಆಟಗಳ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಪೂರ್ತಿ ಜಾಗ ಡಿ ಅಂಡ್ ಡಿಗೇ ಕೊಟ್ಟಿದೀವಿ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಟೇಬಲ್ ಸುತ್ತ ನಾಲ್ಕೈದು ಜನ ಕೂರ್ತಾರೆ, ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ, ಅವರು ಕಥೆಯ ಲೋಕವನ್ನ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡ್ಕೊಂಡು 'ನಾನು ಹೀಗೆ ಮಾಡ್ತೀನಿ' ಅಂತಾರೆ, ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ದಾಳ ಉರುಳಿಸ್ತಾರೆ. ರೂಲ್ಸ್ ಪುಸ್ತಕ 1974ರಿಂದ ಎಷ್ಟೋ ಸಲ ಹೊಸದಾಗಿ ಬರೆದಿದಾರೆ, ಜಗಳ ಇರೋದೇ ಅಲ್ಲಿ.

ಪ್ರಶ್ನೆ: ನಾನು ಈಗಷ್ಟೇ ಆಡೋಕೆ ಶುರು ಮಾಡಿದೀನಿ. ಒಬ್ರು 5 ಎಡಿಷನ್ ಇದೆ ಅಂತಾರೆ, ಇನ್ನೊಬ್ರು ಹತ್ತಿರ ಹತ್ತಿರ 10 ಅಂತಾರೆ, ನಡುವೆ 3.5 ಅನ್ನೋದು ಬೇರೆ ಕೇಳಿಬರುತ್ತೆ. ಸರಿಯಾದ ಲೆಕ್ಕ ಯಾವುದು?

ಉತ್ತರ: ಪುಸ್ತಕದ ಮೇಲಿರೋ ನಂಬರ್ ನೋಡಿ ಎಣಿಸೋಕೆ ಹೋದ್ರೆ ತಲೆ ಕೆಡುತ್ತೆ, ವರ್ಷ ಹಿಡ್ಕೊಂಡು ಬನ್ನಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದಿದ್ದನ್ನ ಟಿಎಸ್‌ಆರ್ ಕಂಪನಿ ಒಂದು ಡಬ್ಬಿಯಲ್ಲಿ 3 ಸಣ್ಣ ಪುಸ್ತಕ ಮಾಡಿ ತಂತು. ಅದರಲ್ಲಿ ಇದ್ದಿದ್ದು ಮೂರೇ ಕ್ಲಾಸು (ಕ್ಲಾಸ್ ಅಂದ್ರೆ ಪಾತ್ರದ ಕಸುಬು), ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್, ಅಂದ್ರೆ ಯೋಧ, ಮಂತ್ರವಾದಿ, ಪುರೋಹಿತ. ಕಳ್ಳನ ಕ್ಲಾಸ್ ಸೇರಿದ್ದು 1975ರ ಪುರವಣಿ ಪುಸ್ತಕದಲ್ಲಿ, ಅಲ್ಲಿವರೆಗೂ ಕಠಾರಿಯಲ್ಲಿ ಚುಚ್ಚಿದ್ರೂ ದೊಡ್ಡ ಕತ್ತಿಯಲ್ಲಿ ಹೊಡೆದ್ರೂ ಅದೇ ಒಂದು ಆರು ಮುಖದ ದಾಳದ ಪೆಟ್ಟು, ಆಯುಧಕ್ಕೊಂದು ದಾಳ ಅನ್ನೋದೂ ಆ ಪುರವಣಿಯಲ್ಲೇ ಬಂದಿದ್ದು.

ಆಮೇಲೆ ದಾರಿ ಎರಡಾಯ್ತು, ಹೊಸಬರು ದಾರಿ ತಪ್ಪೋದು ಇಲ್ಲೇ. ಒಂದು ಕಡೆ 'ಅಡ್ವಾನ್ಸ್ಡ್' ಸಾಲು: 1977ರಲ್ಲಿ ಮಾನ್ಸ್ಟರ್ ಪುಸ್ತಕ, 1978ರಲ್ಲಿ ಆಟಗಾರರ ಪುಸ್ತಕ, 1979ರಲ್ಲಿ ಡಿಎಂ ಪುಸ್ತಕ. ಇದನ್ನೇ ಈಗ ಎಲ್ಲರೂ 1ನೇ ಎಡಿಷನ್ ಅನ್ನೋದು. ಇನ್ನೊಂದು ಕಡೆ ಸರಳವಾದ 'ಬೇಸಿಕ್' ಸಾಲು, 1977ರಲ್ಲಿ ಒಂದು, 1981ರಲ್ಲಿ ಇನ್ನೊಂದು, 1983ರಲ್ಲಿ ಮತ್ತೊಂದು. ಎರಡೂ ಒಟ್ಟೊಟ್ಟಿಗೆ ಮಾರಾಟ ಆಗ್ತಿತ್ತು. 1989ರಲ್ಲಿ ಅಡ್ವಾನ್ಸ್ಡ್ ಸಾಲಿನ 2ನೇ ಎಡಿಷನ್. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಟಿಎಸ್‌ಆರ್‌ನ ಕೊಂಡ್ಕೊಂಡ ಮೇಲೆ 2000ದಲ್ಲಿ 3ನೇದು, 2003ರಲ್ಲಿ ಅದನ್ನೇ ತಿದ್ದಿ 3.5, 2008ರಲ್ಲಿ 4ನೇದು, 2014ರಲ್ಲಿ 5ನೇದು, 2024ರಲ್ಲಿ ಅದೇ 5ನೇದರ ಪರಿಷ್ಕರಣೆ. 'ಹಳೇದು' ಅಂತ ಯಾರಾದ್ರೂ ಅಂದ್ರೆ ಸಾಮಾನ್ಯವಾಗಿ 2000ಕ್ಕಿಂತ ಮುಂಚಿನದು ಅಂತ ತಿಳ್ಕೊಳ್ಳಿ, ಯಾಕಂದ್ರೆ ರೂಲ್ಸ್ ಬುಡಸಮೇತ ಬದಲಾಗಿದ್ದು ಆ ವರ್ಷ. 1974ರಿಂದ 1999ರವರೆಗಿನ ಯಾವ ಸಾಹಸವನ್ನಾದ್ರೂ (ಆಡಿಸೋಕೆ ಅಂತ ಬರೆದಿಟ್ಟ ಕಥೆ) ಆ ಕಾಲದ ಯಾವ ಎಡಿಷನ್ನಲ್ಲಾದ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಆಡಬಹುದು, ಅಷ್ಟು ಹತ್ತಿರದ ಸಂಬಂಧ ಅವುಗಳದ್ದು.

ಪ್ರಶ್ನೆ: ಥ್ಯಾಕೋ ಅಂದ್ರೆ ಏನು? ಅದರ ಹೆಸರು ಕೇಳಿದ್ರೇನೇ ಎಲ್ಲರೂ ಹಳೇ ಎಡಿಷನ್ ಬೇಡ ಅಂತಾರೆ.

ಉತ್ತರ: ಎದುರಾಳಿಯ ಆರ್ಮರ್ ಕ್ಲಾಸ್ ಅಂದ್ರೆ ಎಸಿ ಸೊನ್ನೆ ಇದ್ದಾಗ ನಿಮ್ಮ ಏಟು ತಾಗೋಕೆ 20 ಮುಖದ ದಾಳದಲ್ಲಿ ಎಷ್ಟು ಬೀಳ್ಬೇಕು, ಆ ನಂಬರೇ ಥ್ಯಾಕೋ. ಹಳೇ ಆಟದಲ್ಲಿ ಎಸಿ ಕಮ್ಮಿ ಆದಷ್ಟೂ ಕವಚ ಗಟ್ಟಿ. 2ನೇ ಎಡಿಷನ್ನಲ್ಲಿ ಬರಿ ಮೈ ಅಂದ್ರೆ 10, ಅಲ್ಲಿಂದ ಕೆಳಗಿಳಿದು ಮೈನಸ್ 10ರ ತನಕ ಹೋಗುತ್ತೆ. ನಿಮ್ಮದು 5ನೇ ಲೆವೆಲ್ (ಪಾತ್ರ ಏರಿರೋ ಹಂತ) ಫೈಟರ್, ಥ್ಯಾಕೋ 16, ಎದುರಿಗಿರೋನ ಎಸಿ 3. 16ರಲ್ಲಿ 3 ಕಳೆದ್ರೆ 13, ದಾಳದಲ್ಲಿ 13 ಅಥವಾ ಮೇಲೆ ಬಿದ್ರೆ ಏಟು ಬಿತ್ತು. ಅಷ್ಟೇ ಲೆಕ್ಕ. ಮೈನಸ್ 2 ಎಸಿ ಬಂದಾಗ ಮಾತ್ರ ಕಳೆಯೋದು ಕೂಡೋದಾಗುತ್ತೆ, 18 ಬೇಕಾಗುತ್ತೆ, ರಾತ್ರಿ ಹನ್ನೊಂದು ಗಂಟೆಗೆ ಸುಸ್ತಾದ ತಲೆ ತಡವರಿಸೋದು ಅಲ್ಲೇ.

ಈಗ ಇದನ್ನೇ ಹೊಸ ಪದ್ಧತಿಗೆ ತಿರುಗಿಸಿ ನೋಡಿ. 20ರಲ್ಲಿ ಥ್ಯಾಕೋ 16 ಕಳೆದ್ರೆ ನಿಮ್ಮ ಬೋನಸ್ 4, 20ರಲ್ಲಿ ಎಸಿ 3 ಕಳೆದ್ರೆ ಹೊಸ ಎಸಿ 17. ದಾಳಕ್ಕೆ 4 ಕೂಡಿ 17 ಮುಟ್ಟೋಕೆ ಮತ್ತೆ 13ಏ ಬೇಕು. ಅದೃಷ್ಟದ ಪ್ರಮಾಣ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ! 2000ದಲ್ಲಿ ಮಾಡಿದ್ದು ಲೆಕ್ಕದ ದಿಕ್ಕನ್ನ ತಿರುಗಿಸೋ ಕೆಲಸ, ಮತ್ತೆ ಅದು ತುಂಬ ಒಳ್ಳೇ ಕೆಲಸ, ಕೂಡೋದು ಕಳೆಯೋದಕ್ಕಿಂತ ಸುಲಭ ಅನ್ನೋದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದ್ರೆ ಥ್ಯಾಕೋ ಒಂದಕ್ಕೇ ಹೆದರಿ 25 ವರ್ಷದ ಆಟವನ್ನ ಬಿಡಬೇಡಿ, ಪಾತ್ರದ ಹಾಳೆಯ ಮೂಲೆಯಲ್ಲಿ ಎಸಿ 9ರಿಂದ 0ವರೆಗೆ ಎಷ್ಟೆಷ್ಟು ಬೇಕು ಅಂತ ಒಂದು ಸಾಲು ಬರ್ಕೊಂಡ್ರೆ ಆಮೇಲೆ ಕಳೆಯೋ ಕೆಲಸವೇ ಇಲ್ಲ.

ಹಳೇ ರೂಲ್ಸಲ್ಲಿ ನಿಜವಾಗಿ ತಲೆ ತಿನ್ನೋದು ಬೇರೆ. ಒಂದೊಂದು ಕೆಲಸಕ್ಕೆ ಒಂದೊಂದು ಥರ ದಾಳ. ಏಟಿಗೆ 20 ಮುಖದ್ದು, ಬಾಗಿಲಿಗೆ ಕಿವಿ ಕೊಟ್ಟು ಕೇಳೋಕೆ 6 ಮುಖದ್ದು, ಕಳ್ಳ ಬೀಗ ತೆಗೆಯೋಕೆ ನೂರಕ್ಕಿಷ್ಟು ಅಂತ ಪರ್ಸೆಂಟು, ಕೆಲವು ಕಡೆ ಮೇಲೆ ಬಿದ್ರೆ ಒಳ್ಳೇದು, ಕೆಲವು ಕಡೆ ಕೆಳಗೆ ಬಿದ್ರೆ ಒಳ್ಳೇದು. 3ನೇ ಎಡಿಷನ್ ಇದನ್ನೆಲ್ಲ ಒಂದೇ ಸೂತ್ರಕ್ಕೆ ತಂತು, 20 ಮುಖದ ದಾಳ ಹಾಕು, ಬೋನಸ್ ಕೂಡು, ಗುರಿ ಮುಟ್ಟಿದ್ಯಾ ನೋಡು ಅಂತ. ಈಗಿನ ಎಡಿಷನ್ ಆಡೋರೆಲ್ಲ ಆ ಸೂತ್ರದ ಮೇಲೇ ಆಡ್ತಿರೋದು.

ಪ್ರಶ್ನೆ: ನಮ್ಮ ಡಿಎಂ ಹಳೇ ಆಟದ ಅಭಿಮಾನಿ, 1981ರ ಬೇಸಿಕ್ ಆಡಿಸ್ತೀನಿ ಅಂತ ಶುರು ಮಾಡಿದ್ರು. ನನ್ನ ಮಂತ್ರವಾದಿಗೆ 2 ಎಚ್‌ಪಿ (ಪೆಟ್ಟು ತಡ್ಕೊಳ್ಳೋ ಜೀವದ ಅಂಕ), ಒಂದೇ ಒಂದು ಮಂತ್ರ, ಕೈಯಲ್ಲೊಂದು ಕಠಾರಿ. ಎರಡನೇ ಕೋಣೆಯಲ್ಲೇ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸ ಒಂದು ಹೊಡೆದು ಸಾಯಿಸ್ತು. ಹೊಸ ಪಾತ್ರ ಮಾಡ್ಕೊಂಡೆ, ಅವಳೂ ಸತ್ತಳು. 5ನೇ ಎಡಿಷನ್ನಲ್ಲಿ ನನ್ನ ವಿಝರ್ಡ್ ಒಂದು ವರ್ಷದಿಂದ ಬದುಕಿದಾಳೆ, ಅವಳಿಗೊಂದು ಕಥೆ ಇದೆ, ಅಮ್ಮ ಇದಾಳೆ, ಶತ್ರು ಇದಾನೆ. ಈ ಹಳೇ ಆಟದಲ್ಲಿ ಖುಷಿ ಎಲ್ಲಿದೆ ಅಂತ ದಯವಿಟ್ಟು ಹೇಳಿ, ನಾನು ನಿಜವಾಗ್ಲೂ ತಿಳ್ಕೋಬೇಕು ಅಂತಾನೇ ಕೇಳ್ತಿದೀನಿ.

ಉತ್ತರ: ಇಷ್ಟು ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದ್ರೆ ಎರಡು ಕಾಲದ ಆಟ ಬೇರೆ ಆಗೋ ಜಾಗ ನೀವು ಕೇಳಿರೋ ಪ್ರಶ್ನೆಯಲ್ಲೇ ಇದೆ.

ಮೊದಲು ನಿಮ್ಮ ಇಬ್ಬರು ಮಂತ್ರವಾದಿಗಳನ್ನ ಪಕ್ಕಪಕ್ಕ ನಿಲ್ಲಿಸೋಣ. 1981ರದ್ದಕ್ಕೆ 4 ಮುಖದ ದಾಳ ಹಾಕಿ ಬಿದ್ದಷ್ಟು ಎಚ್‌ಪಿ, ದಿನಕ್ಕೆ ಒಂದು ಮಂತ್ರ, ಎಚ್‌ಪಿ ಸೊನ್ನೆ ಆದ್ರೆ ಸಾವು, ಮುಗೀತು. 2014ರದ್ದಕ್ಕೆ 6 ಎಚ್‌ಪಿ ಜೊತೆಗೆ ಮೈಕಟ್ಟಿನ ಬೋನಸ್, ಎಷ್ಟು ಸಲ ಬೇಕಾದ್ರೂ ಹಾಕಬಹುದಾದ ಕ್ಯಾಂಟ್ರಿಪ್ ಅನ್ನೋ 3 ಸಣ್ಣ ಮಂತ್ರ, ದೊಡ್ಡ ಮಂತ್ರಕ್ಕೆ 2 ಸ್ಲಾಟ್, ಅಂದ್ರೆ 2 ಸಲ ಹಾಕೋ ಅವಕಾಶ, ಶಾರ್ಟ್ ರೆಸ್ಟ್ ಅನ್ನೋ ಸಣ್ಣ ವಿಶ್ರಾಂತಿ ಆದ್ಮೇಲೆ ಅದರಲ್ಲಿ ಒಂದು ವಾಪಸ್, ಸೊನ್ನೆಗೆ ಬಿದ್ರೂ ಡೆತ್ ಸೇವ್ ಅನ್ನೋ ದಾಳದಲ್ಲಿ 3 ಸಲ ಫೇಲ್ ಆಗೋವರೆಗೆ ಜೀವ ಹೋಗಲ್ಲ, ಯಾರಾದ್ರೂ ಬಂದು ಎಬ್ಬಿಸಬಹುದು. ಇಷ್ಟು ನೋಡಿದ್ರೆ ಹಳೇದು ಬರೀ ಕ್ರೂರ ಅನ್ಸುತ್ತೆ.

ಆದ್ರೆ ಆ ಒಂದು ಮಂತ್ರ ಏನು ಮಾಡುತ್ತೆ ನೋಡಿ. ನಿದ್ದೆ ಬರಿಸೋ ಸ್ಲೀಪ್ ತಗೊಳ್ಳಿ, ಮೂರು ಕಾಲದಲ್ಲೂ ಅದೇ ಹೆಸರು, ಮೊದಲನೇ ಲೆವೆಲ್ಲಿನ ಮಂತ್ರ. 1981ರಲ್ಲಿ 8 ಮುಖದ 2 ದಾಳ ಹಾಕಿದ್ರೆ ಬಿದ್ದಷ್ಟು ಹಿಟ್ ಡೈಸಿನ (ಜೀವಿಯ ಬಲದ ಅಳತೆ) ಜೀವಿಗಳು ಮಲಗ್ತವೆ, ತಪ್ಪಿಸ್ಕೊಳ್ಳೋಕೆ ಸೇವಿಂಗ್ ಥ್ರೋ ಅನ್ನೋ ದಾಳಾನೇ ಇಲ್ಲ, ಸರಾಸರಿ 9 ಗಾಬ್ಲಿನ್ ಒಂದೇ ಏಟಿಗೆ ನೆಲಕ್ಕೆ. 2014ರಲ್ಲಿ 8 ಮುಖದ 5 ದಾಳ ಹಾಕಿ ಬಿದ್ದಷ್ಟು ಎಚ್‌ಪಿ, ಸರಾಸರಿ 22 ಚಿಲ್ಲರೆ, ಗಾಬ್ಲಿನ್‌ಗೆ 7 ಎಚ್‌ಪಿ ಅಂದ್ರೆ 3 ಗಾಬ್ಲಿನ್ ಮಲಗ್ತವೆ. 2024ರಲ್ಲಿ 5 ಅಡಿ ತ್ರಿಜ್ಯದ ಒಳಗಿರೋರು ವಿಸ್ಡಮ್ ಸೇವ್ ಹಾಕ್ತಾರೆ, ಸೋತ್ರೆ ಮಂಕಾಗ್ತಾರೆ, ಮುಂದಿನ ಸುತ್ತಿನಲ್ಲಿ ಇನ್ನೊಂದು ಸೇವ್ ಸೋತ್ರೆ ಆಮೇಲೆ ನಿದ್ದೆ. ಅಂದ್ರೆ ನಿಮ್ಮ ಹಳೇ ಮಂತ್ರವಾದಿ ದಿನಕ್ಕೊಂದು ಸಲ ಇಡೀ ಗುಂಪನ್ನ ಸಾವಿನ ಬಾಯಿಂದ ಎಳ್ಕೊಂಡು ಬರ್ತಾಳೆ, ಉಳಿದ ಹೊತ್ತು ಫೈಟರ್ ಬೆನ್ನ ಹಿಂದೆ ಪಂಜು ಹಿಡ್ಕೊಂಡು ಜೀವ ಕೈಯಲ್ಲಿ ಇಟ್ಕೊಂಡು ನಡೀತಾಳೆ, ಆ ಒಂದು ಸಲ ಯಾವಾಗ ಅಂತ ತೀರ್ಮಾನ ಮಾಡೋದೇ ಅವಳ ಆಟ. ಹೊಸ ವಿಝರ್ಡ್ ಪ್ರತಿ ಸುತ್ತಿನಲ್ಲೂ ಏನಾದ್ರೂ ಒಂದು ಮಾಡ್ತಾನೇ ಇರ್ತಾಳೆ. ಎರಡೂ ಖುಷಿನೇ, ಒಂದೇ ಥರದ ಖುಷಿ ಅಲ್ಲ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಯಾವ ಎಡಿಷನ್ ಬೇಕಾದ್ರೂ ಕೈಗೆ ತಗೊಳ್ಳಿ, ಮೊದಲು ನೋಡಬೇಕಾಗಿದ್ದು ಅದು ಎಕ್ಸ್‌ಪೀರಿಯನ್ಸ್ ಪಾಯಿಂಟ್, ಅಂದ್ರೆ ಲೆವೆಲ್ ಏರೋಕೆ ಬೇಕಾದ ಎಕ್ಸ್‌ಪಿ, ಯಾವುದಕ್ಕೆ ಕೊಡುತ್ತೆ ಅನ್ನೋದನ್ನ, ಆಟಗಾರರು ಎಲ್ಲಿ ಪಾಯಿಂಟ್ ಸಿಗುತ್ತೋ ಅಲ್ಲಿಗೇ ಹೋಗ್ತಾರೆ. 1981ರಲ್ಲಿ ಒಂದು ಗಾಬ್ಲಿನ್ ಸಾಯಿಸಿದ್ರೆ 5 ಎಕ್ಸ್‌ಪಿ. ಫೈಟರ್ 2ನೇ ಲೆವೆಲ್‌ಗೆ ಹೋಗೋಕೆ 2000 ಬೇಕು. ಬರೀ ಹೊಡೆದು ಸಾಯಿಸಿ ಮೇಲೆ ಹೋಗ್ತೀನಿ ಅಂದ್ರೆ ಒಬ್ಬನೇ 400 ಗಾಬ್ಲಿನ್ ಕೊಲ್ಲಬೇಕು, ಅಷ್ಟರಲ್ಲಿ ಅವನೆಲ್ಲಿರ್ತಾನೆ! ಆದ್ರೆ ಅದೇ ಆಟದಲ್ಲಿ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಎಕ್ಸ್‌ಪಿ. ಗಾಬ್ಲಿನ್ ಕಾಯ್ತಿರೋ ಪೆಟ್ಟಿಗೆಯಲ್ಲಿ ಸಾವಿರ ನಾಣ್ಯ ಇದ್ರೆ, ಗಾಬ್ಲಿನ್‌ನ ಮುಟ್ಟದೆ ಪೆಟ್ಟಿಗೆ ಎತ್ಕೊಂಡು ಬರೋನೇ ಜಾಣ. 2014ರಲ್ಲಿ ನೋಡಿ, ಗಾಬ್ಲಿನ್‌ಗೆ 50 ಎಕ್ಸ್‌ಪಿ, 2ನೇ ಲೆವೆಲ್‌ಗೆ 300 ಸಾಕು. 6 ಗಾಬ್ಲಿನ್. ಹೊಡೆದಾಟಕ್ಕೆ ಪಾಯಿಂಟ್ ಅಂದ್ಮೇಲೆ ಹೊಡೆದಾಟವೇ ಆಟದ ನಡುಮಧ್ಯಕ್ಕೆ ಬರುತ್ತೆ, ಅದು ಬಂದ್ಮೇಲೆ ಪಾತ್ರಗಳು ಬದುಕಿ ಉಳಿಯೋ ಥರ ರೂಲ್ಸ್ ಬರೀಲೇಬೇಕು, ಆವಾಗ ಕ್ಯಾಂಟ್ರಿಪ್ ಬರುತ್ತೆ, ಶಾರ್ಟ್ ರೆಸ್ಟ್ ಬರುತ್ತೆ, ಡೆತ್ ಸೇವ್ ಬರುತ್ತೆ. ಒಂದಕ್ಕೊಂದು ಗಂಟು ಹಾಕ್ಕೊಂಡಿದೆ. ಅದಕ್ಕೇ ಹಳೇದರ ಸಾವನ್ನ ಹೊಸದಕ್ಕೆ ತಂದ್ರೆ ಅನ್ಯಾಯ ಅನ್ಸುತ್ತೆ, ಹೊಸದರ ಧೈರ್ಯದಲ್ಲಿ ಹಳೇದನ್ನ ಆಡಿದ್ರೆ ಎರಡನೇ ಕೋಣೆಯಲ್ಲಿ ಸಾಯ್ತೀರಿ.

ಈಗ ನಿಮ್ಮ ಎರಡನೇ ಕೋಣೆಗೆ ಬರೋಣ. ನಿಮ್ಮ ಡಿಎಂ ಒಂದು ಕೆಲಸ ಮಾಡಿದ್ರಾ ಕೇಳಿ ನೋಡಿ: ಗಾಬ್ಲಿನ್ ಕಂಡ ಕೂಡ್ಲೇ 6 ಮುಖದ 2 ದಾಳ ಹಾಕಿ ರಿಯಾಕ್ಷನ್ ನೋಡಿದ್ರಾ? 1981ರ ಪುಸ್ತಕದಲ್ಲಿ 2 ಬಿದ್ರೆ ಮಾತ್ರ ಕಂಡ ತಕ್ಷಣ ಮೇಲೆ ಬೀಳೋದು, ಅದು 36ರಲ್ಲಿ ಒಂದು ಸಲ. 3ರಿಂದ 5 ಬಿದ್ರೆ ಸಿಟ್ಟಲ್ಲಿದೆ, ಹೊಡೆದ್ರೂ ಹೊಡೀಬಹುದು. 6ರಿಂದ 8 ಬಿದ್ರೆ ಏನ್ಮಾಡ್ಬೇಕು ಅಂತ ಅದಕ್ಕೇ ಗೊತ್ತಿಲ್ಲ, ಆಮೇಲಿಂದು ಮಾತಿಗೆ ಬಗ್ಗೋ ಥರ, 12 ಬಿದ್ರೆ ದೋಸ್ತಿನೇ. ಹೊಡೆದಾಟ ಶುರು ಆದ್ರೂ ಮೊದಲ ಹೆಣ ಬಿದ್ದಾಗ ಒಂದ್ಸಲ, ಅರ್ಧ ಜನ ಬಿದ್ದಾಗ ಇನ್ನೊಂದ್ಸಲ ಮೊರಾಲ್ ಚೆಕ್, ಅಂದ್ರೆ ಧೈರ್ಯದ ಪರೀಕ್ಷೆ, ಇದೆ, ಗಾಬ್ಲಿನ್ ಮೊರಾಲ್ 7, 2 ದಾಳದಲ್ಲಿ 8 ಅಥವಾ ಮೇಲೆ ಬಿದ್ರೆ ಕಾಲ್ಕಿತ್ತು ಓಡ್ತವೆ. ಈ ಎರಡು ರೂಲ್ ಬಿಟ್ಟು ಬರೀ 2 ಎಚ್‌ಪಿಯನ್ನ ಮಾತ್ರ ಇಟ್ಕೊಂಡು ಆಡಿಸಿದ್ರೆ ಅದು ಹಳೇ ಆಟ ಆಗಲ್ಲ, ಬರೀ ಕಟುಕತನ ಆಗುತ್ತೆ. ಹಳೇದನ್ನ ಆಡ್ಸೋರು ತುಂಬ ಜನ ಮರೆಯೋದು ಇದನ್ನೇ, ನನಗೆ ಇದು ಬೇಜಾರಿನ ವಿಷಯ.

ಕಥೆಯ ಬಗ್ಗೆ ಕೇಳಿದ್ರಲ್ಲ, ಅಮ್ಮ, ಶತ್ರು ಅಂತ. ಹಳೇದರಲ್ಲಿ ಪಾತ್ರಕ್ಕೆ ಮುಂಚೇನೇ ಕಥೆ ಬರ್ಕೊಂಡು ಬರಬೇಡಿ, 6 ಮುಖದ 3 ದಾಳ ಆರು ಸಲ ಬಿದ್ದಹಾಗೆ ಬರ್ಕೊಂಡು ಹತ್ತು ನಿಮಿಷದಲ್ಲಿ ಒಳಗೆ ಹೋಗಿ. ಮೂರನೇ ಲೆವೆಲ್ಲಿಗೆ ಬದುಕಿ ಬಂದ್ರೆ ಅವಳಿಗೊಂದು ಕಥೆ ತಾನಾಗೇ ಆಗಿರುತ್ತೆ, ಟೇಬಲ್ಲಿನಲ್ಲಿ ಇದ್ದೋರೆಲ್ಲ ಅದನ್ನ ಕಣ್ಣಾರೆ ನೋಡಿರ್ತಾರೆ. ಬರೆದಿಟ್ಟ ಕಥೆಯನ್ನ ಬೆಳೆಸೋ ಆಸೆ ನಿಮ್ಮದಾದ್ರೆ 5ನೇದೇ ನಿಮ್ಮ ಆಟ, ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಹಳೇ ಪುಸ್ತಕದಲ್ಲಿ 'ಎಲ್ಫ್' ಅನ್ನೋ ಕುಲವೇ ಒಂದು ಕ್ಲಾಸ್ ಅಂತೆ, ನಿಜಾನಾ?

ಉತ್ತರ: ಬೇಸಿಕ್ ಸಾಲಿನ 1981, 1983ರ ಪುಸ್ತಕಗಳಲ್ಲಿ ನಿಜ. ಎಲ್ಫ್ ಅಂದ್ರೆ ಕತ್ತಿನೂ ಹಿಡಿಯೋ ಮಂತ್ರನೂ ಹಾಕೋ ಪಾತ್ರ, 2ನೇ ಲೆವೆಲ್‌ಗೆ 4000 ಎಕ್ಸ್‌ಪಿ ಕೇಳುತ್ತೆ, ಕಳ್ಳನಿಗೆ 1200 ಸಾಕು. ಅಡ್ವಾನ್ಸ್ಡ್ ಸಾಲಿನಲ್ಲಿ ಕುಲ ಬೇರೆ, ಕ್ಲಾಸ್ ಬೇರೆ ಇತ್ತು, ಆದ್ರೆ ಯಾವ ಕುಲದೋರು ಯಾವ ಕ್ಲಾಸ್ ಆಗಬಹುದು, ಎಷ್ಟನೇ ಲೆವೆಲ್ಲಿಗೆ ನಿಲ್ಲಬೇಕು ಅಂತ ಬೇಲಿ ಇತ್ತು. 1978ರ ಪುಸ್ತಕದಲ್ಲಿ ಹೆಣ್ಣು ಪಾತ್ರದ ಸ್ಟ್ರೆಂತ್‌ಗೂ ಮಿತಿ ಹಾಕಿದ್ರು. 2ನೇ ಎಡಿಷನ್ ಅದನ್ನ ಕಿತ್ತು ಹಾಕಿದ್ದು ಒಳ್ಳೇದಾಯ್ತು, ಹಳೇದನ್ನ ಎಷ್ಟೇ ಪ್ರೀತಿಸೋರೂ ಅದನ್ನ ವಾಪಸ್ ತರೋ ಅಗತ್ಯ ಇಲ್ಲ. 3ನೇ ಎಡಿಷನ್ ಕುಲದ ಬೇಲಿಗಳನ್ನೂ ತೆಗೀತು. 2024ರಲ್ಲಿ ಕುಲಕ್ಕೆ ಸ್ಪೀಶೀಸ್ ಅಂತ ಹೆಸರು, ಸ್ಟ್ರೆಂತ್, ಬುದ್ಧಿ ಇವುಗಳ ಬೋನಸ್ ಕುಲದಿಂದ ಬರಲ್ಲ, ನಿಮ್ಮ ಹಿಂದಿನ ಬದುಕು ಏನಿತ್ತು ಅನ್ನೋದರಿಂದ ಬರುತ್ತೆ.

ಪ್ರಶ್ನೆ: 4ನೇ ಎಡಿಷನ್ ಅಂದ್ರೆ ಎಲ್ಲರೂ ಮೂಗು ಮುರೀತಾರೆ, ವಿಡಿಯೋ ಗೇಮ್ ಥರ ಇತ್ತು ಅಂತ. ನನಗೆ ಮಾತ್ರ ಅದರ ಪುಸ್ತಕ ಓದಿದ್ರೆ ಇಷ್ಟ ಆಗ್ತಿದೆ. ನನ್ನಲ್ಲೇ ಏನಾದ್ರೂ ದೋಷ ಇದ್ಯಾ?

ಉತ್ತರ: ದೋಷ ಏನೂ ಇಲ್ಲ, ನಿಮ್ಮ ಕಣ್ಣು ಸರಿಯಾಗಿದೆ. ಆ ಎಡಿಷನ್‌ಗೆ ಆದಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗಿಲ್ಲ. 3ನೇದರಲ್ಲಿ ಲೆವೆಲ್ ಏರ್ತಾ ಏರ್ತಾ ವಿಝರ್ಡ್ ಆಕಾಶಕ್ಕೆ ಹೋಗ್ತಿದ್ದ, ಫೈಟರ್ 'ಹೊಡೀತೀನಿ, ಮತ್ತೆ ಹೊಡೀತೀನಿ' ಅಂತ ನೆಲದ ಮೇಲೇ ಉಳೀತಿದ್ದ. 2008ರಲ್ಲಿ ಅದನ್ನ ನೇರವಾಗಿ ಸರಿ ಮಾಡಿದ್ರು: ಪ್ರತಿ ಕ್ಲಾಸಿಗೂ ಯಾವಾಗ್ಲೂ ಬಳಸೋದು, ಕಾಳಗಕ್ಕೊಂದು ಸಲ ಬಳಸೋದು, ದಿನಕ್ಕೊಂದು ಸಲ ಬಳಸೋದು ಅಂತ ಪವರ್‌ಗಳು. ಫೈಟರ್ ಶತ್ರುವನ್ನ ಮಾರ್ಕ್ ಮಾಡಿ ತನ್ನ ಕಡೆ ಎಳ್ಕೊಂಡು ಗೆಳೆಯರನ್ನ ಕಾಪಾಡ್ತಾನೆ, ಅದು ಅವನ ರೋಲ್. ಒಂದೇ ಎಚ್‌ಪಿ ಇರೋ ಮಿನಿಯನ್ ಅಂತ ಬಂದು, 20 ಜನರ ಗುಂಪಿನ ಮಧ್ಯ ನುಗ್ಗೋ ದೃಶ್ಯ ಟೇಬಲ್ ಮೇಲೆ ಸಾಧ್ಯ ಆಯ್ತು. ಡಿಎಂಗೆ ಕಾಳಗ ಸಿದ್ಧ ಮಾಡೋದು ಅಷ್ಟು ಸಲೀಸಾಗಿ ಮುಂಚೆನೂ ಇರ್ಲಿಲ್ಲ, ಆಮೇಲೂ ಇಲ್ಲ.

ಕಷ್ಟ ಎಲ್ಲಿತ್ತು ಅಂದ್ರೆ ಒಂದೊಂದು ಕಾಳಗ ಒಂದೊಂದು ಗಂಟೆ ಎಳೀತಿತ್ತು, ಚೌಕಳಿ ಮ್ಯಾಪ್ ಇಲ್ಲದೆ ಆಡೋದು ಕಷ್ಟ, ಎಲ್ಲ ಕ್ಲಾಸಿನ ಪವರ್‌ಗಳೂ ಪುಸ್ತಕದಲ್ಲಿ ಒಂದೇ ಅಚ್ಚಿನಲ್ಲಿ ಇದ್ದಿದ್ದರಿಂದ ಮಂತ್ರಕ್ಕೂ ಕತ್ತಿಗೂ ವ್ಯತ್ಯಾಸ ಇಲ್ಲ ಅನ್ನಿಸ್ತಿತ್ತು. ಬೇಸತ್ತ ಎಷ್ಟೋ ಜನ 2009ರಲ್ಲಿ ಬಂದ ಪಾತ್‌ಫೈಂಡರ್ ಕಡೆ ಹೋದ್ರು, ಅದು 3.5ನ್ನೇ ಮುಂದುವರಿಸಿದ ಪೈಜೋ ಕಂಪನಿಯ ಆಟ. ಆದ್ರೆ 5ನೇದನ್ನ ಬಿಚ್ಚಿ ನೋಡಿ, ವಿಝರ್ಡ್ ದಣಿಯದೆ ಹಾಕೋ ಕ್ಯಾಂಟ್ರಿಪ್, ಶಾರ್ಟ್ ರೆಸ್ಟಿನಲ್ಲಿ ತಾನೇ ಗುಣ ಮಾಡ್ಕೊಳ್ಳೋದು, ಇದೆಲ್ಲ 4ನೇದರ ಮನೆಯಿಂದ ಬಂದಿದ್ದು. ಅರ್ಧ ಎಚ್‌ಪಿ ಆದಾಗ 'ಬ್ಲಡೀಡ್' ಅನ್ನೋ ಪದ 2024ರಲ್ಲಿ ವಾಪಸ್ ಬಂದಿದೆ. ಆಡಿ, ಧೈರ್ಯವಾಗಿ ಆಡಿ.

ಪ್ರಶ್ನೆ: ನನ್ನ ಹತ್ರ 2014ರ ಮೂರೂ ಪುಸ್ತಕ ಇವೆ. 2024ರದ್ದು ಮತ್ತೆ ಕೊಳ್ಳಬೇಕಾ?

ಉತ್ತರ: ನಿಮ್ಮ ಆಟ ಚೆನ್ನಾಗಿ ನಡೀತಿದ್ರೆ ಅವಸರ ಬೇಡ. ಬೆನ್ನೆಲುಬು ಅದೇ ಇದೆ, 2 ದಾಳ ಹಾಕಿ ದೊಡ್ಡದು ತಗೊಳ್ಳೋ ಅಡ್ವಾಂಟೇಜ್ ಅದೇ, ಪ್ರೊಫಿಷಿಯೆನ್ಸಿ (ಪಳಗಿದ ಕೆಲಸಕ್ಕೆ ಸಿಗೋ ಬೋನಸ್) 2ರಿಂದ 6ರವರೆಗೆ ಅದೇ. ಬದಲಾಗಿದ್ದು ಪಾತ್ರಗಳ ಕಡೆ. ಕತ್ತಿ, ಗದೆ ಹಿಡಿಯೋರಿಗೆ ವೆಪನ್ ಮಾಸ್ಟರಿ ಅಂತ ಬಂದಿದೆ, ಗ್ರೇಟ್‌ಸೋರ್ಡ್ ಗುರಿ ತಪ್ಪಿದ್ರೂ ಸ್ವಲ್ಪ ಪೆಟ್ಟು ಕೊಡುತ್ತೆ, ಮಾಲ್ ಅನ್ನೋ ದೊಡ್ಡ ಸುತ್ತಿಗೆಯಲ್ಲಿ ಹೊಡೆದ್ರೆ ಎದುರಾಳಿ ಕೆಳಗೆ ಬೀಳಬಹುದು. ಫೈಟರ್ ಆಡೋರಿಗೆ ಇದೊಂದೇ ಸಾಕು ಹೊಸ ಪುಸ್ತಕ ತೆರೆಯೋಕೆ. ಎಲ್ಲ ಕ್ಲಾಸಿಗೂ ಸಬ್‌ಕ್ಲಾಸ್ (ಕ್ಲಾಸಿನೊಳಗಿನ ಕವಲು) 3ನೇ ಲೆವೆಲ್ಲಿನಲ್ಲೇ. ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಮಂತ್ರಕ್ಕೆ 8 ಮುಖದ ಒಂದು ದಾಳ ಇದ್ದಿದ್ದು ಎರಡಾಗಿದೆ, ಪೋಷನ್ (ಮದ್ದು) ಕುಡಿಯೋದು ಬೋನಸ್ ಆಕ್ಷನ್, ಅಂದ್ರೆ ಮುಖ್ಯ ಕೆಲಸದ ಜೊತೆ ಮಾಡೋ ಸಣ್ಣ ಕೆಲಸ. ಪ್ಯಾಲಡಿನ್ (ಧರ್ಮಯೋಧ) ಆಡೋರಿಗೆ ಮಾತ್ರ ಬೇಜಾರು, ಏಟಿಗೆ ಹೆಚ್ಚು ಪೆಟ್ಟು ಸೇರಿಸೋ ಸ್ಮೈಟ್ ಈಗ ಒಂದು ಮಂತ್ರ, ಬೋನಸ್ ಆಕ್ಷನ್ ತಿನ್ನುತ್ತೆ, ಮುಂಚಿನ ಥರ ಒಂದೇ ಸುತ್ತಿನಲ್ಲಿ ಎರಡೆರಡು ಸುರಿಯೋಕಾಗಲ್ಲ. ಒಂದೇ ಪುಸ್ತಕ ತಗೋಬೇಕು ಅಂದ್ರೆ 2025ರ ಶುರುವಿನಲ್ಲಿ ಬಂದ ಮಾನ್ಸ್ಟರ್ ಪುಸ್ತಕಕ್ಕಿಂತ ಆಟಗಾರರ ಪುಸ್ತಕ ಮೊದಲು. 2014ರ ಸಾಹಸಗಳು ಹೊಸ ರೂಲ್ಸಲ್ಲೂ ನಡೀತವೆ. ಆದ್ರೆ ಒಂದೇ ಟೇಬಲ್ಲಿನಲ್ಲಿ ಒಬ್ರ ಫೈಟರ್ ಹಳೇದು, ಇನ್ನೊಬ್ರದ್ದು ಹೊಸದು ಅಂತ ಬಿಡಬೇಡಿ, ಹಳೇದಿಟ್ಕೊಂಡೋರಿಗೆ ಪ್ರತಿ ಸುತ್ತಿನಲ್ಲೂ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಹಳೇ ರೂಲ್ಸ್ ಓದಬೇಕು, ಆದ್ರೆ ಮೂಲ ಪುಸ್ತಕ ಸಿಗ್ತಿಲ್ಲ. ಕಾನೂನುಬದ್ಧ ದಾರಿ ಇದ್ಯಾ?

ಉತ್ತರ: ಇದೆ. 2000ದಲ್ಲಿ 3ನೇದರ ಜೊತೆ ಓಪನ್ ಗೇಮ್ ಲೈಸೆನ್ಸ್ ಅಂತ, ಅಂದ್ರೆ ಬೇರೆಯವರೂ ಆ ರೂಲ್ಸ್ ಬಳಸಬಹುದು ಅನ್ನೋ ಅನುಮತಿ, ಬಿಟ್ರಲ್ಲ, ಅದನ್ನ ಹಿಡ್ಕೊಂಡೇ ಹಳೇ ಆಟದ ಪ್ರೇಮಿಗಳು ಹಳೇ ರೂಲ್ಸನ್ನ ತಮ್ಮ ಮಾತಿನಲ್ಲಿ ಮತ್ತೆ ಬರೆದ್ರು. 1ನೇ ಎಡಿಷನ್ ಬೇಕಾದ್ರೆ 2006ರ ಓಸ್ರಿಕ್, 1981ರ ಬೇಸಿಕ್ ಬೇಕಾದ್ರೆ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್, ಇದರಷ್ಟು ಓರಣವಾಗಿ ಜೋಡಿಸಿದ ರೂಲ್ಸ್ ಪುಸ್ತಕ ಕಮ್ಮಿ. ಬೇಸಿಕ್ ಫ್ಯಾಂಟಸಿ ಅನ್ನೋದು ಪಿಡಿಎಫ್ ಪೂರ್ತಿ ಉಚಿತ, ಎಸಿ ಹೊಸ ಥರ ಮೇಲಕ್ಕೆ ಹೋಗುತ್ತೆ, ಥ್ಯಾಕೋ ಭಯ ಇರೋರಿಗೆ ಅದೇ ಸರಿ. 5ನೇದರ ಮೂಲ ರೂಲ್ಸ್ ಕೂಡ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಲೈಸೆನ್ಸ್ ಅಡಿಯಲ್ಲಿ ಇದೆ. ಕಂಪನಿ ಹಳೇ ಲೈಸೆನ್ಸ್ ಬದಲಾಯಿಸೋಕೆ ಹೊರಟಾಗ ಆಟಗಾರರೆಲ್ಲ ತಿರುಗಿ ಬಿದ್ದಿದ್ದಕ್ಕೆ ಸಿಕ್ಕ ಫಲ ಅದು.

ಪ್ರಶ್ನೆ: ನಾನು ಡಿಎಂ. 1980ರ ಆಸುಪಾಸಿನ ಒಂದು ಸಾಹಸವನ್ನ 5ನೇ ಎಡಿಷನ್ನಲ್ಲಿ ಆಡಿಸಬೇಕು ಅಂತಿದೀನಿ. ನಮ್ಮ ಗುಂಪಲ್ಲಿ ಇಬ್ರಿಗೆ ಹಳೇ ರುಚಿ ಬೇಕು, ಮೂವರಿಗೆ ತಮ್ಮ 5ನೇ ಎಡಿಷನ್ ಪಾತ್ರ ಬಿಡೋಕೆ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಅಂಕಿಗಳನ್ನ ಒಂದೊಂದಾಗಿ ತಿರುಗಿಸ್ತಾ ಕೂರಬೇಡಿ. ಗಾಬ್ಲಿನ್ ಅಂತ ಇದ್ರೆ ಹೊಸ ಪುಸ್ತಕದ ಗಾಬ್ಲಿನ್ ತಗೊಳ್ಳಿ, ಆರ್ಕ್‌ಗೆ ಆರ್ಕ್. ತಲೆ ಎಷ್ಟು ಅನ್ನೋದನ್ನ ಮಾತ್ರ ಹುಷಾರಾಗಿ ನೋಡಿ. 1981ರಲ್ಲಿ ಪ್ಲೇಟ್ ಕವಚ 60 ಚಿನ್ನದ ನಾಣ್ಯ, ಮೊದಲನೇ ದಿನವೇ ಫೈಟರ್ ಕೊಳ್ಳಬಹುದು, ಗುರಾಣಿ ಸೇರಿ ಎಸಿ 2, ಗಾಬ್ಲಿನ್ ಏಟು ತಾಗೋಕೆ 17 ಬೀಳ್ಬೇಕು, ಅಂದ್ರೆ ನೂರಕ್ಕೆ 20. 2014ರಲ್ಲಿ ಅದೇ ಪ್ಲೇಟ್ 1500 ನಾಣ್ಯ, ಹೊಸ ಫೈಟರ್ ಚೈನ್‌ಮೇಲ್, ಗುರಾಣಿ ಹಾಕ್ಕೊಂಡು ಎಸಿ 18ರಲ್ಲಿ ನಿಂತಿರ್ತಾನೆ, ಗಾಬ್ಲಿನ್‌ಗೆ ಬೋನಸ್ 4, 14 ಬಿದ್ರೆ ಸಾಕು, ನೂರಕ್ಕೆ 35. ಜೊತೆಗೆ ಪೆಟ್ಟಿನ ಮೇಲೆ 2 ಎಕ್ಸ್ಟ್ರಾ. ಹಾಗಾಗಿ ಹಳೇ ಪುಸ್ತಕದಲ್ಲಿ ಒಂದು ಕೋಣೆಗೆ 12 ಗಾಬ್ಲಿನ್ ಅಂತ ಇದ್ರೆ ಮೊದಲನೇ ಲೆವೆಲ್ ಗುಂಪಿಗೆ ಅದು ಸಾವೇ, 5–6ಕ್ಕೆ ಇಳಿಸಿ. ಇಲ್ಲಾಂದ್ರೆ ಇಳಿಸದೆ ಹಾಗೇ ಇಟ್ಟು, ಓಡಿಹೋಗೋದೂ ಒಂದು ದಾರಿ ಅಂತ ಶುರುವಿಗೆ ಮುಂಚೇನೇ ಬಾಯಿಬಿಟ್ಟು ಹೇಳಿ, ನನಗೆ ಇಷ್ಟ ಆಗೋದು ಈ ಎರಡನೇದು.

ನಿಧಿಯ ವಿಷಯ. ಹಳೇ ಸಾಹಸಗಳಲ್ಲಿ ಚಿನ್ನ ರಾಶಿ ರಾಶಿ ಇರುತ್ತೆ, ಯಾಕಂದ್ರೆ ಅಲ್ಲಿ ಚಿನ್ನವೇ ಎಕ್ಸ್‌ಪಿ. ನಿಮ್ಮ ಗುಂಪಿನ ಇಬ್ಬರಿಗೆ ಹಳೇ ರುಚಿ ಕೊಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ: ಹೊಡೆದಾಟದ ಎಕ್ಸ್‌ಪಿ ಪೂರ್ತಿ ತೆಗೆದು, ಊರಿಗೆ ತಂದ ಚಿನ್ನಕ್ಕೆ ಎಕ್ಸ್‌ಪಿ ಕೊಡಿ. ಆದ್ರೆ ಒಂದಕ್ಕೊಂದು ಕೊಟ್ರೆ ಓವರ್ ಆಗುತ್ತೆ, ಅಲ್ಲಿ 2ನೇ ಲೆವೆಲ್‌ಗೆ 2000 ಬೇಕಿತ್ತು, ಇಲ್ಲಿ 300. ಶುರುವಿನಲ್ಲಿ 6 ನಾಣ್ಯಕ್ಕೆ 1 ಎಕ್ಸ್‌ಪಿ ಇಟ್ಕೊಳ್ಳಿ, 5ನೇ ಲೆವೆಲ್ ಹತ್ತಿರ ಬಂದಾಗ ಅಲ್ಲಿ 16000, ಇಲ್ಲಿ 6500, ಆವಾಗ ಎರಡೂವರೆಗೆ ಒಂದು ಅಂತ ಇಳಿಸಿ. ಒಂದೇ ರೂಲ್ ಬದಲಾಯಿಸಿದ್ದಕ್ಕೆ ನಿಮ್ಮ 5ನೇ ಎಡಿಷನ್ ಆಟಗಾರರು ಹೇಗೆ ಬಾಗಿಲ ಸಂದಿಯಲ್ಲಿ ಇಣುಕೋಕೆ, ಕಾವಲುಗಾರನ ಹತ್ರ ಮಾತಾಡೋಕೆ, ಹಿಂದಿನ ದಾರಿ ಹುಡುಕೋಕೆ ಶುರು ಮಾಡ್ತಾರೆ ನೋಡಿ.

ಬೆಳಕು ಇನ್ನೊಂದು. ಹಳೇದರಲ್ಲಿ ಒಂದು ಪಂಜು 6 ಟರ್ನ್ ಅಂದ್ರೆ ಒಂದು ಗಂಟೆ ಉರಿಯುತ್ತೆ, ಪ್ರತಿ 2 ಟರ್ನಿಗೊಮ್ಮೆ 6 ಮುಖದ ದಾಳದಲ್ಲಿ 1 ಬಿದ್ರೆ ಅಲೆದಾಡೋ ಮಾನ್ಸ್ಟರ್ ಬರುತ್ತೆ, ಹಾಗಾಗಿ ಹೊತ್ತು ಅನ್ನೋದೇ ಒಂದು ಖರ್ಚು. 5ನೇದರಲ್ಲಿ ಲೈಟ್ ಕ್ಯಾಂಟ್ರಿಪ್ ಇದೆ, ಅರ್ಧ ಗುಂಪಿಗೆ ಕತ್ತಲಲ್ಲೂ ಕಾಣೋ ಡಾರ್ಕ್‌ವಿಷನ್ ಇದೆ, ಕತ್ತಲೆಗೆ ಬೆಲೆನೇ ಇಲ್ಲ. ಆಟಗಾರರ ಕೈಯಿಂದ ಅದನ್ನ ಕಿತ್ಕೊಳ್ಳೋಕೆ ಹೋಗಬೇಡಿ, ಜಗಳ ಆಗುತ್ತೆ. ಅಲೆದಾಡೋ ಮಾನ್ಸ್ಟರ್ ದಾಳ ಮಾತ್ರ ಬಿಡದೆ ಹಾಕಿ, ಅದೂ ಎಲ್ಲರ ಕಣ್ಣೆದುರಿಗೇ. ಗೋಡೆ ತಟ್ಟಿ ನೋಡೋಕೆ, ಶಾರ್ಟ್ ರೆಸ್ಟ್ ತಗೊಳ್ಳೋಕೆ ಎಷ್ಟು ಹೊತ್ತು ಹೋಯ್ತು ಅಂತ ಅವರೇ ಲೆಕ್ಕ ಹಾಕೋಕೆ ಶುರು ಮಾಡ್ತಾರೆ. ಬಲೆ, ಗುಂಡಿ ಹುಡುಕೋವಾಗ 'ಪರ್ಸೆಪ್ಷನ್ (ಗಮನಿಸೋ ಶಕ್ತಿ) ದಾಳ ಹಾಕ್ತೀನಿ' ಅಂದ್ರೆ 'ಎಲ್ಲಿ ನೋಡ್ತೀರಾ, ಹೇಗೆ ನೋಡ್ತೀರಾ' ಅಂತ ಕೇಳಿ, ಸರಿಯಾದ ಜಾಗದಲ್ಲಿ ಕೋಲು ಹಾಕಿ ತಟ್ಟಿದ್ರೆ ದಾಳ ಇಲ್ಲದೇನೇ ಗುಂಡಿ ಕಾಣ್ಸಿ.

ವಿಷ ತಾಗಿದ್ರೆ ಸೇವ್ ಸೋತ ಕೂಡ್ಲೇ ಸಾವು, ವೈಟ್ (wight) ಅನ್ನೋ ಥರದ ಪಿಶಾಚಿ ಮುಟ್ಟಿದ್ರೆ ಲೆವೆಲ್ಲೇ ಇಳಿಯೋದು, ಇವೆರಡನ್ನ ಹಾಗ್ಹಾಗೇ ತರಬೇಡಿ, ವರ್ಷಗಟ್ಟಲೆ ಬೆಳೆಸಿದ ಪಾತ್ರ ಇರೋರಿಗೆ ಅದು ತಡೆಯೋಕಾಗಲ್ಲ. ಹೊಸ ಪುಸ್ತಕದಲ್ಲಿ ವಿಷಕ್ಕೆ ಪೆಟ್ಟಿನ ದಾಳ ಇದೆ, ಪಿಶಾಚಿಗೆ ಗರಿಷ್ಠ ಎಚ್‌ಪಿ ಕಮ್ಮಿ ಮಾಡೋ ಶಕ್ತಿ ಇದೆ, ಅಷ್ಟು ಸಾಕು. ಕೊನೇದಾಗಿ, ಆಡಿಸೋಕೆ ಮುಂಚೆ ಪ್ರತಿ ಮಾನ್ಸ್ಟರ್ ಹೆಸರಿನ ಪಕ್ಕ 1981ರ ಮೊರಾಲ್ ಅಂಕ ಪೆನ್ಸಿಲ್ಲಲ್ಲಿ ಬರ್ಕೊಳ್ಳಿ, ಹೊಸ ಪುಸ್ತಕದ ಮಾನ್ಸ್ಟರ್ ವಿವರದಲ್ಲಿ ಅದು ಇರಲ್ಲ.